ಹೊಸ್ತಿಲು ದಾಟದ ಮೆಂಬರಮ್ಮನಿಗೆ ಮಾಡಿದ ಮದ್ದುಗಳು

ನಾನು ಹೋದಲ್ಲೆಲ್ಲ ನಗೆಪಾಟಲು ನಡೆಯುತ್ತದೋ, ನಗೆಪಾಟಲು ನಡೆಯುವ ಊರಿಗೇ ನನ್ನ ಕಾಲು ಎಳೆಯುತ್ತದೋ, ಇಷ್ಟು ವರ್ಷ ಬಸ್ಸು ರೈಲು ಹತ್ತಿ ಇಳಿದರೂ ನನಗೆ ತಿಳಿದಿಲ್ಲ. ಹೊಲಿಗೆ ಮಷೀನು ಮಾಡುವ ಒಂದು ಕಂಪನಿಯಲ್ಲಿ ನನಗೆ ಕೆಲಸ. ಊರೂರಿಗೆ ಹೋಗಿ ಹೆಂಗಸರ ಮುಂದೆ ಮಷೀನು ಇಟ್ಟು ಕಾಜಾ ಹೊಲಿಯುವುದು, ಕಸೂತಿ ಹಾಕುವುದು ತೋರಿಸಬೇಕು. ಸೂರತ್, ನಾಗಪುರ, ಕಟಕ್ ಎಲ್ಲ ನನಗೆ ಹಿತ್ತಲಿದ್ದ ಹಾಗೆ. ಒಮ್ಮೆ ಮಸ್ಕತ್ತಿಗೂ ಹೋಗಿ ಬಂದೆ. ಒಂದೇ ಊರಲ್ಲಿ ಹದಿನೈದು ದಿನ ಕೂತರೆ ನನಗೆ ಅಂಗಾಲು ತುರಿಸಲು ಶುರುವಾಗುತ್ತದೆ.

ನಮ್ಮವ್ವನಿಗೆ ನಾವಿಬ್ಬರೂ ಹೆಣ್ಣುಮಕ್ಕಳು, ಆದರೆ ನನ್ನ ಒಡಹುಟ್ಟಿದ ಅಕ್ಕ ಇದಕ್ಕೆ ತದ್ವಿರುದ್ಧ. ಅವಳನ್ನು ಕೊಟ್ಟಿದ್ದು ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿಗೆ. ಏಳು ವರ್ಷ ಅವಳು ಮುಂಬಾಗಿಲ ಹೊಸ್ತಿಲು ದಾಟಲಿಲ್ಲ. ಆ ಏಳು ವರ್ಷದಲ್ಲಿ ನಮ್ಮ ತಾಲೂಕು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ತಾಲೂಕಿಗೆ ತಾಲೂಕೇ ಜಿಲ್ಲೆ ದಾಟಿತು, ನಮ್ಮಕ್ಕ ಹೊಸ್ತಿಲು ದಾಟಲಿಲ್ಲ.

ಹುಟ್ಟಾ ಹೀಗಿರಲಿಲ್ಲ. ಒಮ್ಮೆ ಹಗರಿಬೊಮ್ಮನಹಳ್ಳಿ ಸಂತೆ ಮುಗಿಸಿ, ಬಸ್ಸಿಗೆಂದು ಬಟಾಬಯಲಲ್ಲಿ ನಡೆದು ಬರುವಾಗ ಎದೆ ಡವಡವ ಹೊಡೆದುಕೊಂಡಿತಂತೆ. ಕಾಲು ಹತ್ತಿಯ ಬತ್ತಿಯಾಗಿ, ಇನ್ನೇನು ಸತ್ತೆ ಅನ್ನಿಸಿ, ಮೂಲಂಗಿ ಚೀಲದ ಜೊತೆ ಅಲ್ಲೇ ಕೂತುಬಿಟ್ಟಳಂತೆ. ಆಮೇಲೆ ಸಂತೆ ಬಿಟ್ಟಳು, ಬಸ್ಸು ಬಿಟ್ಟಳು, ಕೊನೆಗೆ ಬೀದಿಯನ್ನೇ ಬಿಟ್ಟಳು. ಶುರುವಿನಲ್ಲಿ ಪರದೆ ಇಳಿಬಿಟ್ಟ ಜೀಪಿನಲ್ಲಿ ದಾವಣಗೆರೆಗೆ ಒಯ್ದಿದ್ದರು. ಎದೆ ಕಲ್ಲಿನಂತೆ ಗಟ್ಟಿ ಇದೆ ಅಂದ ಡಾಕ್ಟರು, ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಮಾರುದ್ದದ ಹೆಸರು ಬರೆದುಕೊಟ್ಟರು. ಅದನ್ನು ಹರಪನಹಳ್ಳಿ ಕಾಲೇಜಿನ ಕನ್ನಡ ಮೇಷ್ಟರು ಕನ್ನಡ ಮಾಡಿದರು: 'ಬಯಲಂಜಿಕೆ'. ಡಾಕ್ಟರ ಮಾತ್ರೆಯಿಂದ ನಿದ್ದೆ ಬಂತು, ಅಂಜಿಕೆ ಹೋಗಲಿಲ್ಲ. ಮೇಷ್ಟರ ಕನ್ನಡದಿಂದ ಏನೇನಾಯಿತು ಅನ್ನುವುದೇ ಮುಂದಿನ ಕತೆ.

೧. ಕಿಟಕಿಯಿಂದ ಗೆದ್ದಿದ್ದು

ಅಕ್ಕ ಹೊರಗೆ ಬರುವುದಿಲ್ಲ ಅನ್ನುವುದು ಬಿಟ್ಟರೆ ಒಳಗೆ ಹುಲಿ. ಅವಳ ಗಂಡನದು ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ನಾನು ಅವನಿಗೆ ಮಾವ ಅನ್ನುತ್ತೇನೆ. ಜೋಳ ಬೀಸಲು ಬಂದ ಹೆಂಗಸರೆಲ್ಲ ಪುಟ್ಟಿ ಇಳಿಸಿ ಅಕ್ಕನ ಕಿಟಕಿಗೆ ಬರುವವರೇ. ಕಾಗದ ಓದಿಸಿಕೊಳ್ಳುವವರು, ಅರ್ಜಿ ಬರೆಸಿಕೊಳ್ಳುವವರು, ಗಂಡನ ಮೇಲೆ ಚಾಡಿ ಹೇಳುವವರು. ಪಂಚಾಯ್ತಿ ಎಲೆಕ್ಷನ್ ಬಂದು ಆ ಓಣಿಯ ಸೀಟು ಹೆಂಗಸರಿಗೆ ಮೀಸಲಾದಾಗ ಇವರೆಲ್ಲ ಸೇರಿ ಅಕ್ಕನನ್ನೇ ನಿಲ್ಲಿಸಿದರು. ಕಾಗದಕ್ಕೆ ಮನೆಯಲ್ಲೇ ಸಹಿ ಹಾಕಿದಳು, ಉಳಿದಿದ್ದನ್ನು ಮಾವ ಓಡಾಡಿ ಮುಗಿಸಿದ.

ಪ್ರಚಾರಕ್ಕೆ ಕರೆಯಲು ಬಂದವರಿಗೆ ಅಕ್ಕ ಕಿಟಕಿಯಿಂದಲೇ ಇದ್ದದ್ದು ಹೇಳಿದಳು. "ಯವ್ವಾ, ನಾ ಸುಳ್ಳು ಹೇಳಾಕಿ ಅಲ್ಲ. ಬಯಲಂದ್ರ ನನಗ ಅಂಜಿಕಿ. ಸತ್ರೂ ನಾ ಬಯಲಿಗೆ ಹೋಗಲ್ಲ."

ನಮ್ಮ ಕಡೆ ಹೆಂಗಸರು 'ಬಯಲಿಗೆ ಹೋಗೋದು' ಅಂದರೆ ಒಂದೇ ಅರ್ಥ, ಕೈಯಲ್ಲಿ ಚೆಂಬಿರುತ್ತದೆ. ಅಕ್ಕನ ಮನೆಗೆ ಹಿತ್ತಲಿನ ತುದಿಯಲ್ಲಿ ಒಂದು ಕಕ್ಕಸು ಇತ್ತು. ಓಣಿಯ ಉಳಿದ ಯಾವ ಮನೆಗೂ ಇರಲಿಲ್ಲ. ಕಿಟಕಿಯ ಹೊರಗಿನಿಂದ ಒಬ್ಬ ಮುದುಕಿ ಅಂದಳಂತೆ, "ಕೇಳಿದ್ರೇನ್ರೇ? ಇಷ್ಟು ದಿನ ಓಟು ಕೇಳಿದವರೊಳಗ ಈ ಮಾತು ಆಡಿದಾಕಿ ಇಕಿ ಒಬ್ಬಾಕಿನಾ. ನಮಗೇನು ಅಂಜಿಕಿ ಇಲ್ಲೇನು? ಹಾವು ಬರ್ತಾವು, ಹಂದಿ ಬರ್ತಾವು. ಲಾರಿ ಬೆಳಕು ಬಿದ್ದಾಗೆಲ್ಲ ಎದ್ದೆದ್ದು ನಿಂತು ಮೊಣಕಾಲು ಹೋದ್ವು."

ಸಂಜೆಯೊಳಗೆ ಓಣಿ ತುಂಬ ಸುದ್ದಿ. ಗಿರಣಿಯವರ ಹೆಂಡತಿ ಗೆದ್ದರೆ ಯಾವ ಹೆಣ್ಣುಮಗಳೂ ಬಯಲಿಗೆ ಹೋಗೋ ಹಂಗಿಲ್ಲವಂತೆ, ಕಕ್ಕಸು ಕಟ್ಟಿಸ್ತಾಳಂತೆ. ಎದುರಾಳಿ ಆಟೋಕ್ಕೆ ಮೈಕು ಕಟ್ಟಿ ವಾರಗಟ್ಟಲೆ ತಿರುಗಿದಳು. ಅಕ್ಕ ಕಿಟಕಿಯಲ್ಲಿ ಕೂತು ಅವರೆಕಾಯಿ ಸುಲಿದಳು.

ಎಣಿಕೆ ಮುಗಿಸಿ ಬಂದ ಮಾವ ಬಾಗಿಲಲ್ಲಿ ನಿಂತು, "ಗೆದ್ದಿ" ಅಂದ.

ಅಕ್ಕ, "ಯಾತಕ್ಕ?" ಅಂದಳು.

"ಕಕ್ಕಸಿಗಂತ."

೨. ಹಡಗಲಿಯಿಂದ ಬಂದ ಕಾನೂನು

ಮೊದಮೊದಲು ತೊಂದರೆ ಇರಲಿಲ್ಲ. ಸಭೆಗೆ ಮಾವ ಹೋಗಿ ಕೂತು ಚಾ ಕುಡಿದು ಬರುತ್ತಿದ್ದ, ಹಾಜರಿ ಪುಸ್ತಕ ಮನೆಗೇ ಬಂದು ಅಕ್ಕನ ಸಹಿ ಮಾಡಿಸಿಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಹಡಗಲಿ ಕಡೆಯಿಂದ ಹೊಸ ಕಾರ್ಯದರ್ಶಿ ಬಂದ. ಮಾವನನ್ನು ಮೇಲಿಂದ ಕೆಳಗೆ ನೋಡಿ, "ಮೆಂಬರ್ ಗಂಡ ಮೆಂಬರ್ ಅಲ್ರಿ. ಹೊರಗ ಕಟ್ಟಿ ಐತಿ, ಅಲ್ಲಿ ಕುಂದರ್ರಿ" ಅಂದನಂತೆ. ಪುಸ್ತಕ ಮನೆಗೆ ಬರುವುದು ನಿಂತಿತು. ಅಕ್ಕ ಸಾಲಾಗಿ ಸಭೆ ತಪ್ಪಿಸಿದಳು. ಇನ್ನೊಂದು ತಪ್ಪಿದರೆ ಮೆಂಬರ್‌ಗಿರಿ ಹೋಗುತ್ತದೆ ಅಂತ ಕಾಗದ ಬಂತು. ಆ ಸಭೆಗೆ ಇನ್ನೊಂದು ತಿಂಗಳಿತ್ತು.

ಪಂಚಾಯ್ತಿ ಕಚೇರಿ ಏನು ಕಾಶಿಯಲ್ಲಿರಲಿಲ್ಲ. ಅಕ್ಕನ ಕಿಟಕಿಯಲ್ಲಿ ನಿಂತರೆ ಅದರ ಧ್ವಜದ ಕಂಬ ಕಾಣುತ್ತದೆ. ಆದರೆ ನಡುವೆ ಕಣದ ಬಯಲು. ಸುಗ್ಗಿಯಲ್ಲಿ ಒಕ್ಕಣೆಗೆ ಬಿಟ್ಟ ಜಾಗ, ಉಳಿದ ದಿನ ಒಂದು ಗಿಡವಿಲ್ಲ, ಗೋಡೆಯಿಲ್ಲ. ಇನ್ನೂರು ಹೆಜ್ಜೆ.

ನಾನು ಸೂರತ್ತಿನಲ್ಲಿದ್ದೆ. ಫೋನು ಬಂತು.

"ಲೇ, ಊರೂರು ತಿರುಗ್ತಿ, ಎಲ್ಲ್ಯಾರ ಇದಕ್ಕ ಔಷಧ ಐತೇನು ನೋಡಲೇ."

"ಹೋದ್ರ ಹೋಗ್ಲಿ ಬಿಡಕ್ಕ ಮೆಂಬರ್‌ಗಿರಿ. ನೀ ಏನು ಕೇಳಿ ತಗಂಡಿದ್ದೇನು?"

ಗಿರಣಿ ಸದ್ದಿನ ನಡುವೆ ಅಕ್ಕ ಅಂದಳು, "ಗಾದಿ ಹೋದ್ರ ಹೋಗ್ಲಿ. ಆದ್ರ ಅವ್ರೆಲ್ಲ ದಿನಾ ನಸಿಕಿನ್ಯಾಗ ನನ್ನ ಕಿಟಕಿ ಮುಂದನಾ ಚೆಂಬು ಹಿಡಕಂಡು ಹೋಗ್ತಾರ. ಹೋಗಾಗ ಒಳಗ ಇಣಿಕಿ 'ಯಾವಾಗಕ್ಕ?' ಅಂತಾರ. ಏನಂತ ಹೇಳ್ಲಿ?"

ನಾನು ರಜೆ ಹಾಕಿದೆ. ದಾರಿಯುದ್ದಕ್ಕೂ ಯಾರು ಯಾವ ಮದ್ದು ಹೇಳಿದರೂ ಚೀಲಕ್ಕೆ ಹಾಕಿಕೊಂಡೆ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಚೀಲ ಹಿಡಿದ ಹಮಾಲಿ, "ಇದರಾಗ ಏನೈತ್ರಿ, ಗುಂಡಕಲ್ಲಾ?" ಅಂದ. ನಾನು "ಆರೋಗ್ಯ" ಅಂದೆ.

೩. ಏಳು ವರ್ಷದ ಕೇಸು

ನಾನು ಬರುವುದಕ್ಕೆ ಮುಂಚೆಯೇ ಮಾವ ಒಂದು ಮದ್ದು ಮಾಡಿ ಮುಗಿಸಿದ್ದ. ಕೂಡ್ಲಿಗಿ ಕಡೆ ಬೇರು ನಾರಿನ ಔಷಧ ಕೊಡುವ ವೈದ್ಯರೊಬ್ಬರಿದ್ದಾರೆ, ರೋಗಿ ಬರಬೇಕೆಂದಿಲ್ಲ, ಲಕ್ಷಣ ಹೇಳಿದರೆ ಸಾಕು ಅಂತ ಯಾರೋ ಹೇಳಿದ್ದರಂತೆ. ಮಾವ ನಾಚಿಕೆ ಸ್ವಭಾವದವ, ಹೆಂಡತಿಯ ಹೆಸರು ಹೇಳುವವನಲ್ಲ. ಅಲ್ಲಿ ನಡೆದ ಮಾತು ಅವನ ಬಾಯಿಂದಲೇ ಕೇಳಿದ್ದು.

"ಏನಾಗೇತಪಾ?"

"ನಮ್ಮ ಮನಿಯಾಕಿ ಹೊರಗ ಹೋಗವಲ್ಲಳ್ರಿ."

"ಎಷ್ಟು ದಿನ ಆತು?"

"ಏಳು ವರ್ಷ ಆತ್ರಿ."

ವೈದ್ಯರ ಕೈಯಲ್ಲಿದ್ದ ಕುಟ್ಟಾಣಿ ಹಾಗೇ ನಿಂತಿತಂತೆ. "ಏಳು ವರ್ಷ?"

"ಹೌದ್ರಿ. ಮೊದಲು ದಿನಾ ಹೋಗ್ತಿದ್ಲು. ಸಂತ್ಯಾಗ ಹೋದಾಗ ಸುರುವಾಗಿದ್ದು ನೋಡ್ರಿ."

"ಸಂತ್ಯಾಗ?" ವೈದ್ಯರು ಕಣ್ಣು ಮುಚ್ಚಿ ತೆರೆದರು. "ಊಟ ಮಾಡ್ತಾಳೇನು?"

"ಮೂರೂ ಹೊತ್ತು ಚಲೋ ಮಾಡ್ತಾಳ್ರಿ."

"ಏಳು ವರ್ಷದಾಗ ಒಂದು ಸಲನೂ ಹೋಗಿಲ್ಲ?"

"ಒಬ್ಬಾಕಿನಾ ಹೋಗಲ್ರಿ. ನಮ್ಮವ್ವ ಕೈ ಹಿಡಕಂಡು ಕೊಡಿ ಹಿಡಿದ್ರ ಹಿತ್ತಲತನಕ ಹೋಗ್ತಾಳ. ಮಂದಿ ನೋಡಿದ್ರ ಆಗಂಗಿಲ್ಲ."

ವೈದ್ಯರು ಎದ್ದು ಒಳಗೆ ಹೋಗಿ, ಎತ್ತಿಗೆ ಹೊಟ್ಟೆ ಉಬ್ಬರಿಸಿದಾಗ ಕೊಡುವ ಡಬ್ಬಿಯನ್ನೇ ತಂದು ಒಂದು ಪುಡಿ ಕಟ್ಟಿಕೊಟ್ಟರು. ಬಿಸಿನೀರಿನಲ್ಲಿ ಕೊಡು, ಕೊಟ್ಟ ಮೇಲೆ ದಾರಿಗೆ ಅಡ್ಡ ನಿಲ್ಲಬೇಡ ಅಂದರು.

ಅಕ್ಕನ ಹಿತ್ತಲಿನ ಕಕ್ಕಸಿಗೆ ಮೂವತ್ತು ಹೆಜ್ಜೆ, ಮೇಲೆ ಬರೀ ಆಕಾಶ. ಅಲ್ಲಿಗೂ ಅವಳು ಹೋಗುತ್ತಿದ್ದುದು ಅತ್ತೆಯ ಕೈ ಹಿಡಿದು, ಕೊಡೆಯ ಕೆಳಗೆ. ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅತ್ತೆಯನ್ನೂ ಬಿಟ್ಟು, ಕೊಡೆಯನ್ನೂ ಬಿಟ್ಟು, ಒಬ್ಬಳೇ ಓಡಿದಳು. ಅತ್ತೆ ಹಿಂದಿನಿಂದ ಕೊಡೆ ಹಿಡಿದು ಕುಂಟಿ ಕುಂಟಿ ಸೋತು ಬೇವಿನ ಬುಡದಲ್ಲಿ ಕೂತರು.

ಮರುದಿನ ವೈದ್ಯರೇ ಆಳು ಕಳಿಸಿ ಕೇಳಿದರಂತೆ, ಹೋದರಾ ಅಂತ. ಮಾವ ಸುಳ್ಳು ಹೇಳಲಾರದೆ, "ಹೋದ್ಲು" ಅಂದ. ಈಗಲೂ ಆ ವೈದ್ಯರು ಹೋದವರಿಗೆಲ್ಲ ಹೇಳುತ್ತಾರಂತೆ: "ಏಳು ವರ್ಷದ ಕೇಸು. ಒಂದಾ ಪುಡಿ."

೪. ಅಯಸ್ಕಾಂತ

ನನ್ನ ಚೀಲದಿಂದ ಮೊದಲು ತೆಗೆದದ್ದು ಸೂರತ್ತಿನ ಅಯಸ್ಕಾಂತದ ಪಟ್ಟಿ. ಸೊಂಟಕ್ಕೆ ಕಟ್ಟಿಕೊಂಡರೆ ರಕ್ತ ಸರಿಯಾದ ದಿಕ್ಕಿಗೆ ಹರಿಯುತ್ತದೆ, ಧೈರ್ಯ ತಾನಾಗಿ ಬರುತ್ತದೆ ಅಂತ ಅಲ್ಲಿಯ ಸೇಠಾಣಿಯೊಬ್ಬಳು ತನ್ನ ಸೊಂಟ ತೋರಿಸಿ ಹೇಳಿದ್ದಳು. ಒಳಗೆ ಹನ್ನೆರಡು ಬಿಲ್ಲೆ, ಒಂದೊಂದೂ ರಾಗಿ ಬಿಸ್ಕತ್ತಿನಷ್ಟು ದಪ್ಪ.

ಕಟ್ಟಿದ ಗಳಿಗೆಯಿಂದ ಅಡುಗೆಮನೆ ಅಕ್ಕನ ಹಿಂದೆ ಬಿತ್ತು. ಸೌಟು ಬಂತು, ಇಕ್ಕಳ ಬಂತು, ಈಳಿಗೆಮಣೆ ಬರುವ ಹೊತ್ತಿಗೆ ಮಾವ ಅಡ್ಡ ಬಂದ. ಆದರೂ ಅಕ್ಕ ಎದೆಗುಂದಲಿಲ್ಲ. ಮೂರನೇ ದಿನ ಅವಳೇ, "ಇವತ್ತು ಹೊಸ್ತಿಲ ಮ್ಯಾಲೆ ನಿಂದರ್ತೀನಿ" ಅಂದಳು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಅಕ್ಕ ಬಲಗಾಲು ಹೊಸ್ತಿಲ ಮೇಲಿಟ್ಟಳು. ಹಣೆಯಲ್ಲಿ ಬೆವರು. ಎಡಗಾಲು ಎತ್ತಬೇಕು, ಸ್ವಲ್ಪ ಪಕ್ಕಕ್ಕೆ ವಾಲಿದಳು. ಖಟ್ ಅಂತು. ಆ ಮನೆಯ ಬಾಗಿಲು ಅಜ್ಜನ ಕಾಲದ್ದು, ಮೇಲಿಂದ ಕೆಳಗಿನವರೆಗೆ ಕಬ್ಬಿಣದ ಪಟ್ಟಿ ಹೊಡೆದಿದ್ದರು. ಅಕ್ಕನ ಸೊಂಟ ಬಾಗಿಲಿಗೆ ಕಚ್ಚಿಕೊಂಡಿತು. ಅವಳು ಹಿಂದೆ ಜಗ್ಗಿದರೆ ಬಾಗಿಲೂ ಅವಳ ಜೊತೆ ಬರುತ್ತದೆ, ಮುಂದೆ ದೂಡಿದರೆ ಅವಳೂ ಬಾಗಿಲ ಜೊತೆ ಹೋಗುತ್ತಾಳೆ.

ಅಕ್ಕನ ಅತ್ತೆ ಎಲೆಅಡಿಕೆ ಕುಟ್ಟುತ್ತಾ ಕೂತಲ್ಲಿಂದಲೇ ಅಂದರು. "ಇಷ್ಟು ದಿನ ಇಕಿ ಬಾಗ್ಲಾ ಬಿಡ್ತಿದ್ದಿಲ್ಲ. ಈಗ ಬಾಗ್ಲಾ ಇಕಿನ್ನ ಬಿಡವಲ್ದು."

೫. ನಾಗಪುರದ ಶಕ್ತಿ

ಆ ವರ್ಷಗಳಲ್ಲಿ ರೇಖಿ ಅಂತ ಬಂದಿತ್ತು. ಕೈಯಿಟ್ಟು ಶಕ್ತಿ ಕೊಡುವುದು. ದೂರದವರಿಗೆ ಕೈಯಿಡದೆಯೂ ಕಳಿಸಬಹುದಂತೆ, ಫೋಟೊ ಇದ್ದರೆ ಸಾಕು. ನಾಗಪುರದಲ್ಲಿ ನನಗೆ ಪರಿಚಯದ ಒಬ್ಬ ಮರಾಠಿ ಹೆಂಗಸು ಇದನ್ನು ಕಲಿತಿದ್ದಳು. ಅಕ್ಕ ಏಳು ವರ್ಷದಿಂದ ಸ್ಟುಡಿಯೋ ಮುಖ ನೋಡಿರಲಿಲ್ಲವಾದ್ದರಿಂದ ಸಿಕ್ಕಿದ್ದು ಹಳೆಯ ಒಂದು ಗೃಹಪ್ರವೇಶದ ಗ್ರೂಪ್ ಫೋಟೊ. ಅದನ್ನೇ ಕಳಿಸಿ, ಇದರಲ್ಲಿರುವ ಪಂಚಾಯ್ತಿ ಮೆಂಬರಿಗೆ ಹೊರಗೆ ಓಡಾಡುವ ಶಕ್ತಿ ಬರಲಿ ಅಂತ ಹಿಂದಿಯಲ್ಲಿ ಬರೆದೆ.

ದಿನಾ ಸಂಜೆ ಆರಕ್ಕೆ ಅಕ್ಕ ಉತ್ತರಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತಳು. ಏನೂ ಬರಲಿಲ್ಲ. ಮೂರನೇ ಸಂಜೆ, "ಲೇ, ನಡುವ ಎಲ್ಲ್ಯಾರ ವೈರು ಕಡದೈತೇನು ನೋಡು" ಅಂದಳು.

ನಾಲ್ಕನೇ ಬೆಳಿಗ್ಗೆ ಅತ್ತೆ ಕಾಣೆ. ಮೊಣಕಾಲು ನೋವೆಂದು ದೇವರಮನೆಗೂ ಗೋಡೆ ಹಿಡಿದು ಹೋಗುತ್ತಿದ್ದ ಮುದುಕಿ. ಬಾವಿ ಇಣುಕಿದೆವು, ಹಿತ್ತಲು ಹುಡುಕಿದೆವು. ಮಧ್ಯಾಹ್ನ ಕೊಟ್ಟೂರಿನ ನೆಂಟರ ಅಂಗಡಿಯಿಂದ ಫೋನು. "ನಿಮ್ಮವ್ವ ಇಲ್ಲಿ ಬಂದಾರ್ರಿ. ಮಂಡಕ್ಕಿ ಮೆಣಸಿನಕಾಯಿ ತಿಂದ್ರು. ಹಡಗಲಿ ಮಗಳ ಮನಿಗೆ ಹೋಗ್ತೀನಂತ ಬಸ್ ಹತ್ಯಾರ." ಹಡಗಲಿಗೆ ಫೋನು ಮಾಡಿದರೆ, ಬಂದಿದ್ದರು, ಊಟ ಮಾಡಿ ಮತ್ತೆಲ್ಲೋ ಹೋದರು ಅಂದರು.

ನಾನು ಅದೇ ಫೋನಿನಿಂದ ನಾಗಪುರಕ್ಕೆ ಹಚ್ಚಿದೆ. ಆ ಹೆಂಗಸು ತಣ್ಣಗೆ ಹೇಳಿದಳು, ಮೆಂಬರ್ ಅಂತ ಬರೆದಿದ್ದಿರಲ್ಲ, ನಡುವೆ ಕುರ್ಚಿಯ ಮೇಲೆ ಕೂತವರೇ ಮೆಂಬರ್ ಅಂದುಕೊಂಡೆ, ಅವರಿಗೇ ಕಳಿಸುತ್ತಿದ್ದೇನೆ.

ನಾಲ್ಕು ದಿನದ ಮೇಲೆ ಅತ್ತೆ ಬಂದರು. ಕೈಯಲ್ಲಿ ಹೊಸ ಚೀಲ, ಕಾಲಲ್ಲಿ ಹೊಸ ಚಪ್ಪಲಿ. ನಾನು ಹೀಗೆ ಹೀಗಾಯ್ತು ಅತ್ತಿ, ಶಕ್ತಿ ತಪ್ಪಿ ನಿಮಗೆ ಬಂತು, ಇವತ್ತೇ ನಿಲ್ಲಿಸಲು ಹೇಳ್ತೀನಿ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. "ನಿಲ್ಲಿಸಬ್ಯಾಡ ಯವ್ವ. ಶ್ರೀಶೈಲ ಮುಟ್ಟೋತನಕ ಕರೆಂಟ್ ತೆಗೀಬ್ಯಾಡ್ರಿ ಅಂತ ಹೇಳು."

೬. ಶಾಂತಿಯ ಕ್ಯಾಸೆಟ್ಟು

ಇದು ಚಿಕ್ಕದು. ಮನಸ್ಸನ್ನು ಸಡಿಲ ಮಾಡುವ ಕ್ಯಾಸೆಟ್ಟು ಅಂತ ಬೆಂಗಳೂರಿನಲ್ಲಿ ಕೊಂಡಿದ್ದೆ. ಕೋಣೆ ಕತ್ತಲು ಮಾಡಿ ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿ ಟೇಪು ಹಚ್ಚಿದೆ. ಕೊಳಲು. ಆಮೇಲೆ ಜೇನು ಸುರಿದಂಥ ಗಂಡಸಿನ ದನಿ. ಕಣ್ಣು ಮುಚ್ಚಿ. ಉಸಿರು ಬಿಡಿ. ನೀವೀಗ ಒಂದು ವಿಶಾಲವಾದ ಬಯಲಿನಲ್ಲಿ ನಿಂತಿದ್ದೀರಿ. ಸುತ್ತ ಯಾರೂ ಇಲ್ಲ.

ಅಕ್ಕ ಎದ್ದು ಗೋಡೆಗೆ ಆತುಕೊಂಡಳು. "ಬಂದ್ ಮಾಡಲೇ. ಇವ್ನ್ಯಾವನೋ ನನ್ನ ಮತ್ತ ಅಲ್ಲಿಗೇ ಕರಕಂಡು ಹೊಂಟಾನ."

ಕ್ಯಾಸೆಟ್ಟಿನ ಮಗ್ಗುಲು ತಿರುಗಿಸಿ ಹಾಕಿದೆ. ಆ ಕಡೆ ಸಮುದ್ರದಂಡೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಟೇಪು ಸಿಕ್ಕಾಗಿ ಆ ದನಿ ಬಾವಿಗೆ ಬಿದ್ದವನಂತೆ ಎಳೆದೆಳೆದು ನಿಂತುಹೋಯಿತು. ಅಕ್ಕ ದೀರ್ಘವಾಗಿ ಉಸಿರು ಬಿಟ್ಟು, "ಹಾಂ. ಈಗ ಹಗುರಾತು" ಅಂದಳು.

೭. ನಡುವಿನ ಕುರಿ

ಸಭೆಗೆ ಐದು ದಿನ ಉಳಿದಿತ್ತು. ಚೀಲ ಖಾಲಿ. ಅಕ್ಕ ಊಟ ಬಿಟ್ಟಿದ್ದಳು. ಬೆಳಗಿನ ಹೊತ್ತು ಕಿಟಕಿ ಮುಚ್ಚಿಡಲು ಶುರು ಮಾಡಿದ್ದಳು, ಚೆಂಬು ಹಿಡಿದು ಹೋಗುವವರು ಕಾಣದಿರಲಿ ಅಂತ. ಅದನ್ನು ನೋಡಿ ನನಗೆ ಮೊದಲ ಸಲ ನಗು ಬರಲಿಲ್ಲ.

ಹಿಟ್ಟಿಗೆ ಬಂದ ಒಬ್ಬ ಕುರುಬರ ಅಜ್ಜಿ ಮುಚ್ಚಿದ ಕಿಟಕಿ ಬಡಿದಳು. ಅವಳ ಕುರಿಹಿಂಡು ದಿನಾ ಕಣದ ಬಯಲು ದಾಟಿ, ಪಂಚಾಯ್ತಿ ಕಚೇರಿ ಮುಂದಿನಿಂದಲೇ ಮೇಯಲು ಹೋಗುತ್ತದೆ.

"ಏನಾಗ್ತತವ್ವ ನಿನಗ ಬಯಲಾಗ?"

ಡಾಕ್ಟರು, ವೈದ್ಯರು, ನಾನು, ಯಾರೂ ಇದನ್ನು ಇಷ್ಟು ನೇರ ಕೇಳಿರಲಿಲ್ಲ. ಅಕ್ಕ ಯೋಚಿಸಿ ಹೇಳಿದಳು. "ಸುತ್ತಕಡಿ ಖಾಲಿ ಕಾಣ್ತತಿ, ಅಜ್ಜಿ. ಹಿಡಕೊಳ್ಳಾಕ ಏನೂ ಇರಲ್ಲ. ಭೂಮಿ ಮ್ಯಾಲೆ ನಾನೊಬ್ಬಾಕಿನಾ ಇದ್ದಂಗ."

"ಹೊಸದಾಗಿ ತಂದ ಕುರೀನೂ ಹಂಗಾ ಮಾಡ್ತತಿ. ಬಯಲು ಬಂದ್ರ ಕಾಲು ಊರಿ ನಿಂದರ್ತತಿ. ಹೊಡದ್ರೂ ಬರಲ್ಲ, ಎಳದ್ರೂ ಬರಲ್ಲ."

"ಏನು ಮಾಡ್ತಿ?"

"ಹಿಂಡಿನ ನಡುವ ಬಿಡ್ತೀನಿ. ನಡುವಿನ ಕುರಿ ಬಯಲು ನೋಡಂಗಿಲ್ಲವ್ವ. ಮುಂದ್ಲ ಕುರಿ ಬೆನ್ನು ನೋಡ್ತತಿ."

ನಾನು ಸೂರತ್, ನಾಗಪುರ, ಬೆಂಗಳೂರು ಸುತ್ತಿ ತಂದ ಮದ್ದುಗಳಿಗೆಲ್ಲ ಒಂದೊಂದು ಬಣ್ಣದ ಹಾಳೆ ಇತ್ತು, ಅದರ ಮೇಲೆ ಹೂವು, ಓಂಕಾರ, ನಗುವ ಬಿಳಿಯ ಮುದುಕ. ಈ ಮದ್ದಿಗೆ ಹಾಳೆ ಇರಲಿಲ್ಲ, ವಾಸನೆ ಇತ್ತು. ಅವತ್ತೇ ಹಿತ್ತಲಿಗೆ ಹತ್ತು ಕುರಿ ಬಂದವು. ಮೊದಲ ದಿನ ಅಕ್ಕ ಕುರಿಗಳ ನಡುವೆ ಬೇವಿನ ಮರದವರೆಗೆ ಹೋಗಿ ಬಂದಳು. ಮೂರನೇ ದಿನ ಹಿತ್ತಲ ಗೋಡೆ ಮುಟ್ಟಿ ಬಂದಳು. ಕೊಡೆ ಇಲ್ಲ, ಅತ್ತೆ ಇಲ್ಲ. ಅತ್ತೆ ಹೇಗೂ ಹರಪನಹಳ್ಳಿಗೆ ಹೋಗಿದ್ದರು.

"ಎದಿ ಹೊಡಕೊಳ್ಳಲ್ಲೇನಕ್ಕ?" ಅಂದೆ.

"ಹೊಡಕೊಂತತಿ. ಆದ್ರ ಇವುಗಳ ನಾತಕ್ಕ ಮೂಗು ಮುಚ್ಚಿಕೊಂಡು ಕುಂತೀನಿ, ಅಂಜಾಕ ಉಸಿರಾ ಉಳಿಯವಲ್ದು."

೮. ಹಾಜರಿ

ಸಭೆಯ ದಿನ ಅಜ್ಜಿ ಹಿಂಡನ್ನು ತಡೆದು ಹನ್ನೊಂದಕ್ಕೆ ಸರಿಯಾಗಿ ಅಕ್ಕನ ಬಾಗಿಲಿಗೆ ತಂದಳು. ನೂರು ಕುರಿ ಇದ್ದಾವು. ಅಕ್ಕ ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟು, ಹೊಸ್ತಿಲ ಮೇಲೆ ನಿಂತು, ಎರಡು ಕುರಿಗಳ ಬೆನ್ನ ಮೇಲೆ ಒಂದೊಂದು ಕೈಯಿಟ್ಟು ಇಳಿದಳು. ಹೊಸ್ತಿಲು ದಾಟಿದ್ದಾಯಿತು. ಏಳು ವರ್ಷದ ಮೇಲೆ ದಾಟಿದ್ದನ್ನು ನೋಡಲು ನನಗೆ ಪುರುಸೊತ್ತು ಸಿಗಲಿಲ್ಲ, ಹಿಂದಿನ ಟಗರು ನನ್ನನ್ನು ತಳ್ಳುತ್ತಿತ್ತು.

ಬಯಲಿನ ನಡುಮಧ್ಯೆ ಬಂದಾಗ ಪಕ್ಕದ ರಸ್ತೆಯಲ್ಲಿ ಬಸ್ಸಿನವ ಹಾರ್ನ್ ಹೊಡೆದ. ಹಿಂಡು ಎರಡು ಭಾಗವಾಯಿತು. ಅಕ್ಕನ ಸುತ್ತ ಒಂದು ಕೋಣೆಯಷ್ಟು ನೆಲ ಖಾಲಿ. ಅವಳು ನಿಂತಳು. ಹಿಡಿದುಕೊಳ್ಳಲು ಕುರಿ ಹುಡುಕಿ ಗಾಳಿಯಲ್ಲಿ ಕೈಯಾಡಿಸಿದಳು. ನಾನು ಓಡಲೇ ಅಂದುಕೊಳ್ಳುವಷ್ಟರಲ್ಲಿ ಅಜ್ಜಿ ನಾಲಗೆ ಮಡಿಚಿ ಒಂದು ಸದ್ದು ಮಾಡಿದಳು. ಹಿಂಡು ನೀರು ಕೂಡಿದ ಹಾಗೆ ಮತ್ತೆ ಕೂಡಿತು. ಅಕ್ಕ ಮುಂದಿನ ಕುರಿಯ ಉಣ್ಣೆಯಲ್ಲಿ ಬೆರಳು ಹೂತು, ಅದರ ಬೆನ್ನನ್ನೇ ನೋಡುತ್ತಾ ಹೊರಟಳು.

ಕಚೇರಿ ಬಂದಾಗ ಅಕ್ಕ ಬಾಗಿಲ ಕಡೆ ತಿರುಗಿದಳು. ಅವಳ ಕೈಯಲ್ಲಿದ್ದ ಕುರಿಯೂ ತಿರುಗಿತು. ಒಂದು ಕುರಿ ಹೋದ ಕಡೆ ಉಳಿದವು ಹೋಗುವುದು ಅವುಗಳ ಧರ್ಮ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಮಾವ ಕಾಲು ಮೇಲೆತ್ತಿಕೊಂಡ. ಒಳಗೆ ಮೆಂಬರುಗಳು ಬೆಂಚು ಹತ್ತಿದರು. ಕಾರ್ಯದರ್ಶಿ ಹಾಜರಿ ಪುಸ್ತಕ ಎದೆಗವಚಿಕೊಂಡು ಕುರ್ಚಿಯ ಮೇಲೆ ನಿಂತ.

"ಏನ್ರಿ ಇದು?"

ಕುರಿಗಳ ನಡುವಿನಿಂದ ಅಕ್ಕ ಕೈ ಚಾಚಿದಳು. "ಹಾಜರಿ. ಪೆನ್ನು ಕೊಡ್ರಿ."

ಅಜ್ಜಿ ಬಂದು ಹಿಂಡನ್ನು ಹೊರಡಿಸಿಕೊಂಡು ಮೇಯಲು ಹೋದಳು. ನೆಲ ಗುಡಿಸಿ ಸಭೆ ಶುರುವಾಯಿತು. ಕಕ್ಕಸಿನ ವಿಷಯ ಬಂದಾಗ ಅಧ್ಯಕ್ಷರು, "ಮುಂದ್ಲ ಸಭ್ಯಾಗ ನೋಡೋಣ" ಅಂದರು. ಒಂದು ಗಂಟೆಗೆ ಎಲ್ಲರೂ ಎದ್ದರು. ಅಕ್ಕ ಏಳಲಿಲ್ಲ.

"ಏಳ್ರವ್ವ, ಮುಗೀತು" ಅಂದ ಕಾರ್ಯದರ್ಶಿ.

"ನಾ ಏಳಂಗಿಲ್ರಿ."

ಬಾಗಿಲಾಚೆ ಕಣದ ಬಯಲು ಬಿಸಿಲಲ್ಲಿ ಬೆಳ್ಳಗೆ ಹಾಸಿತ್ತು. ಒಂದು ಕುರಿ ಇಲ್ಲ. ಬಾಗಿಲ ಬಳಿ ಗೋಡೆಗೆ ಕೂತಿದ್ದ ನನಗೆ ಅರ್ಥವಾಯಿತು, ಬರುವುದನ್ನು ಯೋಚಿಸಿದ್ದೆವು, ಹೋಗುವುದನ್ನು ಯೋಚಿಸಿರಲಿಲ್ಲ.

ಅಧ್ಯಕ್ಷರು ಕೇಳಿದರು, "ಎಷ್ಟೊತ್ತಿನತನಕ ಕುಂದರ್ತೀರಿ?"

"ಕುರಿ ಬರೋತನಕ."

ಒಬ್ಬ ಮೆಂಬರು ಹಿಂದೆ ಮಿಲ್ಲಿನಲ್ಲಿ ಸಂಘ ಕಟ್ಟಿದ್ದವ. ಅವನು ಅಧ್ಯಕ್ಷರ ಕಿವಿಯಲ್ಲಿ, "ಧರಣಿರೀ ಇದು. ಕುರಿ ನುಗ್ಗಿಸ್ತೀನಿ ಅಂತಾಳ" ಅಂದ. ಪಿಸುಮಾತು ಕಟ್ಟೆಗೆ ಬಂತು, ಕಟ್ಟೆಯಿಂದ ಓಣಿಗೆ ಹೋಯಿತು. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರೆಲ್ಲ ರೊಟ್ಟಿಗಂಟು ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತರು. ಕಾರ್ಯದರ್ಶಿ, ಮೆಂಬರ್ ಒಳಗಿರುವಾಗ ಕೀಲಿ ಹಾಕಲು ಬರುವುದಿಲ್ಲ ಅಂದ. ಅಧ್ಯಕ್ಷರಿಗೆ ಅವತ್ತು ಬೀಗರ ಮನೆಯಲ್ಲಿ ಊಟವಿತ್ತು.

ಮೂರು ಗಂಟೆಗೆ ಅವರು, "ಬರೀರಿ ಅತ್ತಾಗ" ಅಂದರು. ಕಾರ್ಯದರ್ಶಿ ಬರೆದು ಓದಿದ: ಮಹಿಳೆಯರ ಶೌಚಾಲಯ ಕಟ್ಟುವ ಬಗ್ಗೆ ಪರಿಶೀಲಿಸಲಾಗುವುದು. ಏಳು ವರ್ಷ ಊರವರ ಅರ್ಜಿ ಬರೆದ ಅಕ್ಕನಿಗೆ ಈ ಪದದ ಪರಿಚಯ ಚೆನ್ನಾಗಿತ್ತು. "'ಪರಿಶೀಲಿಸಲಾಗುವುದು' ಹೊಡೀರಿ. 'ಕಟ್ಟಲಾಗುವುದು' ಬರೀರಿ."

ಬರೆದರು. ಎಲ್ಲರೂ ಸಹಿ ಹಾಕಿದರು. ಅಧ್ಯಕ್ಷರು ಕೈಮುಗಿದರು. "ಈಗರ ಏಳ್ರವ್ವ."

ಅಕ್ಕ ಬಾಗಿಲಾಚೆ ನೋಡಿದಳು. "ಇನ್ನೂ ಬಂದಿಲ್ಲಲ್ರಿ."

ನಾಲ್ಕಕ್ಕೆ ನೀರಿನ ತೊಟ್ಟಿ ಸೇರಿಸಿದರು. ನಾಲ್ಕೂವರೆಗೆ ಲೈಟಿನ ಕಂಬ. ಐದಕ್ಕೆ ಸುತ್ತ ಗೋಡೆ. ಪ್ರತಿ ಸಲ ಅಕ್ಕ ಪಾಪ ನಿಜವನ್ನೇ ಹೇಳುತ್ತಿದ್ದಳು, ಇನ್ನೂ ಬಂದಿಲ್ಲ ಅಂತ. ನಾನು ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ಕೂತಿದ್ದೆ. ಐದೂವರೆಗೆ ದೂರದಲ್ಲಿ ಕುರಿಗಳ ಕೊರಳ ಗಂಟೆ ಕೇಳಿತು. ಕಾರ್ಯದರ್ಶಿ ಯಾರೂ ಹೇಳದೆ ಕುರ್ಚಿ ಹತ್ತಿದ. ಅಕ್ಕ ಎದ್ದು, ಎಲ್ಲರಿಗೂ ಶರಣು ಅಂತ ಕೈಮುಗಿದು, ಕುರಿಗಳ ನಡುವೆ ಮನೆಗೆ ಹೋದಳು. ಹಿಂದೆ ಓಣಿಯ ಹೆಂಗಸರು. ಯಾವುದು ಹಿಂಡು, ಯಾವುದು ಮೆರವಣಿಗೆ ಅಂತ ಹೇಳಲು ಬರುವಂತಿರಲಿಲ್ಲ.

ಮುಂದಿನ ತಿಂಗಳು ಸಭೆಗೆ ಎರಡು ದಿನ ಮುಂಚೆ ಅಧ್ಯಕ್ಷರೇ ಅಕ್ಕನ ಮನೆಗೆ ಬಂದರು. ಚಾ ಕುಡಿದು, ಮೀಸೆ ಒರೆಸಿಕೊಂಡು, ಬಹಳ ವಿನಯದಿಂದ ಹೇಳಿದರು, "ಅಕ್ಕಾರ, ನಿಮಗ ಅಲ್ಲಿತನಕ ಬರಾಕ ತ್ರಾಸು ಅಂತ ಕೇಳಿದ್ವಿ. ಈ ಸಲ ಸಭಿ ನಿಮ್ಮ ಮನ್ಯಾಗನಾ ಇಡೋಣ್ರಿ. ಮುಗದ ಮ್ಯಾಲೆ ನಾವರ ಎದ್ದು ಹೋಗಬಹುದು."

ಏಳು ವರ್ಷ ಕಿಟಕಿಯಲ್ಲಿ ಕೂತವಳು ಅವರ ಖಾಲಿ ಕಪ್ಪು ಎತ್ತಿಕೊಂಡು ಅಂದಳು:

"ಬ್ಯಾಡ್ರಿ. ಮನ್ಯಾಗ ಕುಂತ್ರ ನನಗ ಅಂಜಿಕಿ ಇಲ್ಲ ಖರೆ. ಆದ್ರ ನಿಮಗೂ ಇರಂಗಿಲ್ಲಲ್ರಿ."